ಬಿದ್ದ ಪೌಡರು ಎದ್ದೀತೆ? ಎದ್ದೀತು, ಸ್ಪಿರಿಟ್ ಸರಿಯಿದ್ದರೆ!

ಮದುವೆ ಸೀಸನ್ ಬಂತೆಂದರೆ ದಾವಣಗೆರೆಯಲ್ಲಿ ಒಡೆಯುವ ವಸ್ತುಗಳು ಮೂರು. ಒಂದು ತೆಂಗಿನಕಾಯಿ, ಎರಡು ಬೀಗರ ಮನಸ್ಸು, ಮೂರನೆಯದು ಹೆಣ್ಣುಮಕ್ಕಳ ಕಾಂಪ್ಯಾಕ್ಟ್ ಪೌಡರು. ಮೊದಲನೆಯದನ್ನು ಒಡೆಯಲೆಂದೇ ತಂದಿರುತ್ತಾರೆ. ಎರಡನೆಯದನ್ನು ಕೂಡಿಸಲು ಊರ ಹಿರಿಯರಿದ್ದಾರೆ. ಮೂರನೆಯದಕ್ಕೆ ದಿಕ್ಕಿಲ್ಲ, ಸೀದಾ ಕಸದ ಗಾಡಿಗೆ.

ಕಲ್ಯಾಣ ಮಂಟಪದ ಹೆಣ್ಣಿನ ಕೋಣೆ ಕಂಡವರಿಗೆ ಇದು ಹೊಸತಲ್ಲ. ಹತ್ತಡಿ ಕೋಣೆಯಲ್ಲಿ ಹದಿನೈದು ಮಂದಿ. ಕನ್ನಡಿ ಒಂದೇ. ಸೂಟ್‌ಕೇಸು, ಹೂವಿನ ಬುಟ್ಟಿ, ಇಸ್ತ್ರಿ ಪೆಟ್ಟಿಗೆ, ಅಳುವ ಕೂಸು. ಹೊರಗಡೆಯಿಂದ "ಟೈಮ್ ಆತು, ಹುಡುಗೀನ ಕಳಿಸ್ರವ್ವಾ" ಅಂತ ಅಯ್ನೋರ ಕೂಗು. ಈ ಗದ್ದಲದಲ್ಲಿ ಯಾರದೋ ಮೊಣಕೈ ತಾಗಿ ಡಬ್ಬಿ ಟಪ್ಪನೆ ನೆಲಕ್ಕೆ ಬೀಳುತ್ತದೆ. ಮುಚ್ಚಳ ತೆಗೆದು ನೋಡಿದರೆ ಒಳಗಿನ ಬಿಲ್ಲೆ ವಿಭೂತಿ ಗಟ್ಟಿ ಒಡೆದ ಹಾಗೆ ಚೂರು ಚೂರು. ಅರ್ಧ ಸೀರೆಯ ಮೇಲೆ, ಕಾಲು ಭಾಗ ಚಾಪೆಯ ಮೇಲೆ, ಉಳಿದದ್ದು ಡಬ್ಬಿಯೊಳಗೆ.

ಪೌಡರು ಡಬ್ಬಿಯ ಸಂಗತಿಯನ್ನೂ ಪೇಪರಿನಲ್ಲಿ ಬರೀತೀರೇನ್ರೀ, ರಸ್ತೆ ಗುಂಡಿ ಬಗ್ಗೆ ಬರೀರಿ ಎನ್ನುವವರುಂಟು. ಸ್ವಾಮೀ, ಗುಂಡಿ ಬಗ್ಗೆ ಬರೆದಿದ್ದೇವೆ, ಬರೆಯುತ್ತಲೂ ಇರುತ್ತೇವೆ, ಗುಂಡಿಯೂ ಇರುತ್ತದೆ. ಇವತ್ತು ಸ್ವಲ್ಪ ಪೌಡರಿನ ಕಡೆ ನೋಡೋಣ.

ಡಬ್ಬಿ ಚಿಕ್ಕದು, ಲೆಕ್ಕ ದೊಡ್ಡದು

ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಊರಿದು. ಗಿರಣಿಯ ಸಂಬಳ ನಿಂತ ಮೇಲೆ ಹೆಂಗಸರ ಕೈಕಸುಬೇ ಸಂಸಾರ ಎಳೆದ ಮನೆಗಳಿಗೆ ಲೆಕ್ಕವಿಲ್ಲ. ಮೊದಲು ಹೊಲಿಗೆ ಮಿಷನ್ ಬಂತು, ಆಮೇಲೆ ಹಪ್ಪಳ ಶಾವಿಗೆ ಬಂತು, ಈಗ ಬ್ಯೂಟಿ ಪಾರ್ಲರ್. ನಿಟುವಳ್ಳಿ, ವಿನೋಬನಗರ, ಕೆ.ಟಿ.ಜೆ. ನಗರದ ಓಣಿಗಳಲ್ಲಿ ಒಮ್ಮೆ ಸುತ್ತಿ ಬನ್ನಿ. ಮನೆಯ ಮುಂದಿನ ಕೋಣೆಗೆ ಒಂದು ಪರದೆ, ಒಂದು ತಿರುಗುವ ಕುರ್ಚಿ, ಗೋಡೆಗೆ ಕನ್ನಡಿ, ಬಾಗಿಲಿಗೆ 'ಲೇಡೀಸ್ ಓನ್ಲಿ' ಬೋರ್ಡು. ಸೀಸನ್ನಿನಲ್ಲಿ ಈ ಹೆಣ್ಣುಮಕ್ಕಳು ಬೆಳಗಿನ ಜಾವ ನಾಲ್ಕಕ್ಕೆ ಪೆಟ್ಟಿಗೆ ಹಿಡಿದು ಹರಿಹರ, ಹೊನ್ನಾಳಿ, ಚನ್ನಗಿರಿ ಅಂತ ಮದುವೆ ಮನೆಗಳಿಗೆ ಹೊರಡುತ್ತಾರೆ.

ಆ ಪೆಟ್ಟಿಗೆಯಲ್ಲಿರುವುದೇ ಅವರ ಬಂಡವಾಳ. ಕಾಂಪ್ಯಾಕ್ಟ್ ಪೌಡರು ಇಂದು ನೂರೈವತ್ತು ರೂಪಾಯಿಗೂ ಸಿಗುತ್ತದೆ, ಎರಡು ಸಾವಿರಕ್ಕೂ ಸಿಗುತ್ತದೆ. ಮದುಮಗಳ ಮುಖಕ್ಕೆ ಅಗ್ಗದ್ದು ಹಚ್ಚಿದರೆ ಗಿರಾಕಿ ಒಪ್ಪುವುದಿಲ್ಲ. ದುಬಾರಿಯದು ಬಿದ್ದರೆ ಅವತ್ತಿನ ದುಡಿಮೆ ಅಲ್ಲಿಗೇ ಮುಗಿಯಿತು. ಇನ್ನು ಕೆಲಸ ಕಲಿಯಲು ಸೇರಿದ ಸಹಾಯಕಿ ಹುಡುಗಿಯ ಕೈಯಿಂದ ಜಾರಿದರೆ ಕೇಳಲೇಬೇಡಿ. "ಇದರ ದುಡ್ಡು ನಿನ್ನ ಪಗಾರದಾಗ ಮುರ್ಕೋತೀನಿ" ಅಂದರೆ ಆ ಕೂಸು ಏನು ತಾನೇ ಹೇಳೀತು? ತಿಂಗಳಿಗೆ ಕೊಡುವುದೇ ನಾಲ್ಕು ಕಾಸು, ಅದರಲ್ಲಿ ಪೌಡರಿನ ಪಾಲು ಬೇರೆ. ಬಿದ್ದ ಬಿಲ್ಲೆಯನ್ನು ಮನೆಯಲ್ಲೇ ಸರಿಮಾಡಬಹುದು ಎಂಬುದು ಗೊತ್ತಿದ್ದೂ ಮುರಿದುಕೊಳ್ಳುವ ಯಜಮಾನ್ತಿಯರಿದ್ದರೆ, ಅವರು ಈ ಪುಟವನ್ನು ದಯವಿಟ್ಟು ಮಡಚಿಡದೆ ಪೂರ್ತಿ ಓದಬೇಕು.

ಅದು ಒಡೆಯುವುದೇಕೆ?

ಹಿಂದಿನವರ ಟಾಲ್ಕಂ ಡಬ್ಬಿ ಬಿದ್ದರೆ ಚೆಲ್ಲುತ್ತಿತ್ತೇ ಹೊರತು ಒಡೆಯುತ್ತಿರಲಿಲ್ಲ, ಯಾಕಂದರೆ ಅದು ಮೊದಲೇ ಹುಡಿ. ಒಡೆಯುವ ಭಾಗ್ಯ ಬಂದದ್ದು ಬಿಲ್ಲೆಯಾದ ಮೇಲೆ. ಸಿನಿಮಾ ಜನಕ್ಕೆಂದು ಹಾಲಿವುಡ್ಡಿನ ಮ್ಯಾಕ್ಸ್ ಫ್ಯಾಕ್ಟರ್ ಕಂಪನಿ ತಯಾರಿಸಿದ 'ಪ್ಯಾನ್ ಕೇಕ್' 1938ರಲ್ಲಿ ಅಂಗಡಿಗೆ ಬಂತು. ಒದ್ದೆ ಸ್ಪಂಜಿನಿಂದ ತೆಗೆದು ಹಚ್ಚುವ ಬಿಲ್ಲೆ ಅದು. ಚಿಂದೋಡಿ ಲೀಲಾ ಅವರ ಊರಾದ ದಾವಣಗೆರೆಗೆ ಬಣ್ಣದ ಬಗ್ಗೆ ಯಾರೂ ಪಾಠ ಹೇಳಬೇಕಿಲ್ಲ. ಕಂಪನಿ ನಾಟಕದ ಹಳಬರಿಗೆ ಪ್ಯಾನ್ ಕೇಕ್ ಎಂಬ ಹೆಸರು ಈಗಲೂ ಬಾಯಲ್ಲೇ ಇದೆ. ಮನೆಮಂದಿಯ ಕೈಗೆ ಎಟುಕುವ ಸ್ವದೇಶಿ ಸಾಮಾನು ಬೇಕೆಂದು ಟಾಟಾದವರು ಲ್ಯಾಕ್ಮೆ ಶುರುಮಾಡಿದ್ದು 1952ರಲ್ಲಿ. ಹೆಸರು ಫ್ರೆಂಚರದ್ದಾದರೂ ಅರ್ಥ ನಮ್ಮ ಲಕ್ಷ್ಮಿಯೇ! 1990ರ ದಶಕದಲ್ಲಿ ಆ ಲಕ್ಷ್ಮಿ ಟಾಟಾ ಮನೆಯಿಂದ ಹಿಂದೂಸ್ತಾನ್ ಲೀವರ್ ಮನೆಗೆ ಹೋದಳು.

ಬಿಲ್ಲೆಯೊಳಗೆ ಏನಿದೆ? ಹೆಚ್ಚಿನ ಪಾಲು ಟಾಲ್ಕ್, ಅಂದರೆ ಮೆತ್ತನೆ ಕಲ್ಲಿನ ಹುಡಿ. ಜೊತೆಗೆ ಅಭ್ರಕ, ಬಿಳಿ ಜೇಡಿ, ಬಿಳುಪಿಗೆ ಟೈಟಾನಿಯಂ ಡೈ ಆಕ್ಸೈಡ್, ಚರ್ಮದ ಬಣ್ಣ ಬರಲು ಕೆಂಪು ಹಳದಿ ಕಪ್ಪು ಕಬ್ಬಿಣದ ಆಕ್ಸೈಡು. ಇವೆಲ್ಲ ಒಂದಕ್ಕೊಂದು ಹಿಡಿದುಕೊಳ್ಳಲಿ ಅಂತ ಸ್ವಲ್ಪ ಎಣ್ಣೆಯಂಥ ಅಂಟು. ಇಷ್ಟನ್ನೂ ತಗಡಿನ ತಟ್ಟೆಯಲ್ಲಿ ಸುರಿದು ಯಂತ್ರದಲ್ಲಿ ಒತ್ತುತ್ತಾರೆ. ಬೇಯಿಸುವುದಿಲ್ಲ, ಕರಗಿಸುವುದಿಲ್ಲ. ಬರೀ ಒತ್ತಡದ ಮೇಲೆ ನಿಂತ ಸಂಸಾರ ಅದು. ಹೆಚ್ಚು ಒತ್ತಿದರೆ ಕಲ್ಲಾಗಿ ಪಫ್‌ಗೆ ಪೌಡರೇ ಹತ್ತುವುದಿಲ್ಲ. ಕಡಿಮೆ ಒತ್ತಿದರೆ ಉದುರುತ್ತದೆ. ಆದ್ದರಿಂದ ಕಂಪನಿಯವರು ನಡುವೆ ಎಲ್ಲೋ ನಿಲ್ಲಿಸುತ್ತಾರೆ. ಎತ್ತರದಿಂದ ಬಿದ್ದಾಗ ಆ ಹಿಡಿತ ಬಿಡುತ್ತದೆ. ಒಳಗಿನ ಅಂಟು ಮಾತ್ರ ಎಲ್ಲೂ ಹೋಗಿರುವುದಿಲ್ಲ, ಚೂರುಗಳಲ್ಲೇ ಇರುತ್ತದೆ. ದುರಸ್ತಿಯ ಗುಟ್ಟು ಅಷ್ಟೇ. ಹೊಸದಾಗಿ ಏನೂ ಸೇರಿಸುವುದು ಬೇಡ. ಇರುವುದನ್ನೇ ಮತ್ತೆ ಹತ್ತಿರ ತಂದು ಒತ್ತಿದರೆ ಆಯಿತು. ವಿಭೂತಿ ಗಟ್ಟಿ ಮಾಡುವವರು ಬೂದಿಗೆ ನೀರು ಹಾಕಿ ಒತ್ತಿ ಒಣಗಿಸುವುದನ್ನು ನೋಡಿದವರಿಗೆ ಇದು ಕೂಡಲೇ ತಿಳಿಯುತ್ತದೆ. ಇಲ್ಲಿ ನೀರಿನ ಜಾಗದಲ್ಲಿ ಸ್ಪಿರಿಟ್.

ಕೈ ಕೆಲಸ

ಮೊದಲು ನೋಡಬೇಕಾದದ್ದು ಕನ್ನಡಿ. ಡಬ್ಬಿಯ ಮುಚ್ಚಳದ ಕನ್ನಡಿಯೂ ಜೊತೆಗೆ ಒಡೆದಿದ್ದರೆ ಮಾತೇ ಬೇಡ, ಪೌಡರು ಎಷ್ಟೇ ದುಬಾರಿಯದಾಗಿರಲಿ ಎಸೆದುಬಿಡಿ. ಗಾಜಿನ ಸಣ್ಣ ಚೂರು ಬಿಳಿ ಹುಡಿಯಲ್ಲಿ ಕಣ್ಣಿಗೆ ಕಾಣದು, ಕೆನ್ನೆಗೆ ಮಾತ್ರ ಕಂಡೇ ಕಾಣುತ್ತದೆ. ಹಾಗೆಯೇ ನೆಲಕ್ಕೆ ಚೆಲ್ಲಿದ್ದನ್ನು ಗುಡಿಸಿ ತುಂಬಬೇಡಿ. ಡಬ್ಬಿಯೊಳಗೆ ಉಳಿದದ್ದಷ್ಟೇ ನಿಮ್ಮದು. ಚಾಪೆಯ ಮೇಲಿನದು ಚಾಪೆಯದೇ.

ಕನ್ನಡಿ ನೆಟ್ಟಗಿದ್ದರೆ ಕೈ ತೊಳೆದು ಕೂತುಕೊಳ್ಳಿ. ಡಬ್ಬಿಯ ಸುತ್ತ ಹಳೇ ಪೇಪರು ಹಾಸಿ (ಈ ಪೇಪರೂ ಆದೀತು, ಓದಿ ಮುಗಿದ ಮೇಲೆ). ಹೆಚ್ಚಿನವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ದೊಡ್ಡ ಚೂರುಗಳನ್ನು ಹಾಗೇ ಬಿಟ್ಟು ಬಿರುಕಿಗೆ ಮಾತ್ರ ಸ್ಪಿರಿಟ್ ಬಿಟ್ಟರೆ ಸಾಕೆಂದು ತಿಳಿಯುತ್ತಾರೆ. ಸಾಲದು. ಹಾಗೆ ತೇಪೆ ಹಾಕಿದ ಬಿಲ್ಲೆ ಎರಡೇ ದಿನಕ್ಕೆ ಅದೇ ಬಿರುಕಿನಲ್ಲಿ ಬಾಯಿ ಬಿಡುತ್ತದೆ. ಎದೆ ಗಟ್ಟಿ ಮಾಡಿಕೊಂಡು ಎಲ್ಲವನ್ನೂ ಪುಡಿ ಮಾಡಿ. ಕುದಿವ ನೀರಲ್ಲಿ ತೊಳೆದು ಒರೆಸಿದ ಚಮಚದ ಹಿಂಬದಿಯಿಂದ ಮೆಲ್ಲಗೆ ಅದುಮುತ್ತಾ ಹೋದರೆ ಗಂಟಿಲ್ಲದ ನುಣ್ಣನೆ ಹುಡಿಯಾಗುತ್ತದೆ. ಡಬ್ಬಿಯ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿಕೊಂಡು ಅದುಮಿದರೆ ಹಾರುವುದಿಲ್ಲ. ಫ್ಯಾನ್ ಆಫ್ ಮಾಡಿ. ಪಕ್ಕದಲ್ಲಿ ಎಳೆಕೂಸು ಇರಬಾರದು. ಟಾಲ್ಕ್ ಹುಡಿ ಮಕ್ಕಳ ಉಸಿರಿಗೆ ಹೋದರೆ ಅಪಾಯ, ದೊಡ್ಡವರಿಗೂ ಒಳ್ಳೆಯದಲ್ಲ. ಮೂಗಿಗೊಂದು ಕರವಸ್ತ್ರ ಕಟ್ಟಿಕೊಂಡರೆ ಯಾರೇನೂ ನಗುವುದಿಲ್ಲ, ಕೊರೊನಾ ಕಾಲದಿಂದ ಅಭ್ಯಾಸವಾಗಿದೆ.

ಈಗ ಸ್ಪಿರಿಟ್. ಹನಿ ಹನಿಯಾಗಿ ಬಿಡಬೇಕು, ಸೀಸೆ ಬಗ್ಗಿಸಬಾರದು. ಇಂಕ್ ಫಿಲ್ಲರ್ ಇದ್ದರೆ ಸರಿ, ಇಲ್ಲದಿದ್ದರೆ ಸೂಜಿಯಿಲ್ಲದ ಸಿರಿಂಜ್. ಹತ್ತು ಗ್ರಾಂ ತೂಕದ ಸಾಮಾನ್ಯ ಬಿಲ್ಲೆಗೆ ಮೊದಲು ಎಂಟು ಹತ್ತು ಹನಿ ಹಾಕಿ ಕಲಸಿ ನೋಡಿ, ಸಾಲದಿದ್ದರೆ ಇನ್ನೆರಡು. ಹದ ಯಾವುದು ಅಂತೀರಾ? ಚಟ್ನಿಪುಡಿಗೆ ಎಣ್ಣೆ ಬಿಟ್ಟು ಕಲಸಿದಾಗ ಬೆರಳಲ್ಲಿ ಹಿಡಿದರೆ ಉಂಡೆಯಾಗಬೇಕು, ಬಿಟ್ಟರೆ ಉದುರಬೇಕಲ್ಲ, ಅದೇ ಹದ. ದೋಸೆ ಹಿಟ್ಟಿನಂತೆ ತೆಳ್ಳಗಾದರೆ ಕೆಟ್ಟಿತು. ತೆಳ್ಳಗಿನದು ಒಣಗುವಾಗ ಕುಗ್ಗುತ್ತದೆ. ಕುಗ್ಗಿದಾಗ ಬೇಸಿಗೆಯ ಕೆರೆ ಅಂಗಳದ ಹಾಗೆ ಬಾಯಿಬಿಡುತ್ತದೆ. ಅಕಸ್ಮಾತ್ ತೆಳ್ಳಗಾಗಿಬಿಟ್ಟರೆ ಗಾಬರಿ ಬೇಡ, ಒಂದರ್ಧ ಗಂಟೆ ತೆರೆದಿಟ್ಟರೆ ತಾನೇ ಗಟ್ಟಿಯಾಗುತ್ತದೆ, ಆಮೇಲೆ ಒತ್ತಿ.

ಒತ್ತುವುದಕ್ಕೆ ಹತ್ತು ರೂಪಾಯಿ ನಾಣ್ಯ ಸಾಕು ಅಂತ ಬಹಳ ಮಂದಿ ಹೇಳುತ್ತಾರೆ. ನಾಣ್ಯ ಐ ಶ್ಯಾಡೋದ ಸಣ್ಣ ಗುಳಿಗೆ ಸರಿ. ಕಾಂಪ್ಯಾಕ್ಟ್ ತಟ್ಟೆ ಅದರ ಎರಡು ಪಟ್ಟು ಅಗಲ ಇರುತ್ತದೆ. ನಾಣ್ಯದಿಂದ ಒತ್ತಿದರೆ ಅಲ್ಲೊಂದು ಹಳ್ಳ, ಇಲ್ಲೊಂದು ದಿಬ್ಬ, ಥೇಟು ನಮ್ಮೂರ ರಸ್ತೆ. ತಟ್ಟೆಗೆ ಸರಿಹೊಂದುವ ಚಪ್ಪಟೆ ತಳದ ಸಣ್ಣ ಡಬ್ಬಿಯೋ ಸ್ಟೀಲ್ ಬಟ್ಟಲೋ ಹುಡುಕಿ. ಪೌಡರಿನ ಮೇಲೆ ಒಗೆದು ಒಣಗಿಸಿದ ತೆಳು ಹತ್ತಿ ಬಟ್ಟೆ ಹಾಸಿ. ಬಟ್ಟೆಯ ಮೇಲೆ ಬಟ್ಟಲಿಟ್ಟು ಅಂಗೈಯಿಂದ ನೇರ ಒತ್ತಿ, ಒಂದು ನಿಮಿಷ ಹಿಡಿಯಿರಿ. ತಿರುಚಬೇಡಿ. ಬಟ್ಟೆ ಒದ್ದೆಯಾಗುತ್ತದೆ. ಅದೇ ಬೇಕಾದದ್ದು, ಹೆಚ್ಚಿನ ಸ್ಪಿರಿಟ್ಟನ್ನು ಅದು ಹೀರಿಕೊಳ್ಳುತ್ತಿದೆ. ಬಟ್ಟೆಯ ಒಣ ಭಾಗ ತಂದು ಮತ್ತೆ ಎರಡು ಸಲ ಒತ್ತಿ. ಬಟ್ಟೆ ಎತ್ತಿದಾಗ ಬಿಲ್ಲೆಯ ಮೇಲೆ ನೇಯ್ಗೆಯ ಗುರುತು ಮೂಡಿರುತ್ತದೆ. ಕಂಪನಿ ಬಿಲ್ಲೆಯ ಮೇಲಿನ ಗುರುತಿಗಿಂತ ಅದೇ ಚೆಂದ ಕಾಣುತ್ತದೆಂದು ಈ ವರದಿಗಾರನ ಅಭಿಪ್ರಾಯ.

ಆಮೇಲೆ ಮುಚ್ಚಳ ತೆರೆದು, ಧೂಳು ಬೀಳದ ಕಡೆ ಒಂದು ಇಡೀ ದಿನ ಬಿಡಿ. ರಾತ್ರಿ ಮಾಡಿ ಬೆಳಿಗ್ಗೆ ಹಚ್ಚಿಕೊಂಡು ಹೊರಡಬೇಡಿ. ವಾಸನೆ ಪೂರ್ತಿ ಹೋಗಿರಬೇಕು. ಒಳಗೆ ತೇವ ಇರುವಾಗಲೇ ಮುಚ್ಚಳ ಹಾಕಿದರೆ ಅಂಚಿನಲ್ಲಿ ಬಿಲ್ಲೆ ಏಳುತ್ತದೆ.

ಸ್ಪಿರಿಟ್ ಅಂದ್ರೆ ಯಾವ ಸ್ಪಿರಿಟ್?

ಜಾಗ್ರತೆ ಬೇಕಾದದ್ದು ಇಲ್ಲಿಯೇ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕಾಗಿದೆ.

ಬೇಕಾದದ್ದು ಐಸೋಪ್ರೊಪೈಲ್ ಆಲ್ಕೋಹಾಲ್. ಔಷಧಿ ಅಂಗಡಿಯಲ್ಲಿ ಗಾಯ ಒರೆಸಲು, ಇಂಜೆಕ್ಷನ್ ಕೊಡುವ ಮುಂಚೆ ಚರ್ಮ ಒರೆಸಲು ಮಾರುವ ಸೀಸೆ. ಲೇಬಲ್ಲಿನ ಮೇಲೆ ಅದೇ ಹೆಸರು, ಶೇಕಡಾ 70 ಅಥವಾ ಅದಕ್ಕಿಂತ ಹೆಚ್ಚು ಎಂದು ಇರಬೇಕು. ಹೆಸರಿಲ್ಲದ, ಬರೀ 'ಸ್ಪಿರಿಟ್' ಅಂತ ಪೆನ್ನಿನಲ್ಲಿ ಬರೆದ ಸೀಸೆ ಬೇಡ. 70ರಲ್ಲಿ ಉಳಿದ ಪಾಲು ನೀರಿರುವುದರಿಂದ ಒಣಗುವುದು ಕೊಂಚ ನಿಧಾನ, ಆದರೆ ಕ್ರಿಮಿ ಕೊಲ್ಲುವುದರಲ್ಲಿ 99ಕ್ಕಿಂತ ಅದೇ ಮೇಲು. ನೀರಿನ ಅಂಶ ಇದ್ದರೇ ಸ್ಪಿರಿಟ್ಟು ಕ್ರಿಮಿಯೊಳಗೆ ಹೊಕ್ಕು ಕೆಲಸ ಮಾಡುವುದು.

ಸ್ಯಾನಿಟೈಜರ್ ಹಾಕಬಹುದಲ್ಲಾ, 2020ರದ್ದು ಮನೆಯಲ್ಲಿ ಇನ್ನೂ ನಾಲ್ಕು ಬಾಟಲಿ ಉಳಿದಿದೆ ಎನ್ನುವ ಜಾಣೆಯರಿದ್ದಾರೆ. ಬೇಡಿ ತಾಯೀ. ವಿಶ್ವ ಆರೋಗ್ಯ ಸಂಸ್ಥೆ ಹೇಳಿಕೊಟ್ಟ ಸ್ಯಾನಿಟೈಜರಿನಲ್ಲೇ ಶೇಕಡಾ 1.45 ಗ್ಲಿಸರಿನ್ ಇದೆ. ಅದು ಕೈ ಒಣಗದಿರಲಿ ಅಂತ ಹಾಕಿದ್ದು, ಆರಿ ಹೋಗುವುದಿಲ್ಲ, ಪೌಡರಿನಲ್ಲೇ ಉಳಿದು ಜಿಗುಟು ಮಾಡುತ್ತದೆ. ಜೆಲ್ ಆದರೆ ಇನ್ನೂ ಅಂಟು.

ಕೆಲವರು ಪನ್ನೀರು ಬಿಡುತ್ತಾರೆ. ಪೂಜೆಗೆ ಸರಿ, ಪೌಡರಿಗಲ್ಲ. ನೀರು ಉಳಿದ ಕಡೆ ಬೂಸ್ಟು ಹಿಡಿಯಲು ಎಷ್ಟು ಹೊತ್ತು? ಮಳೆಗಾಲದಲ್ಲಂತೂ ವಾರ ಸಾಕು. ಕೊಬ್ಬರಿ ಎಣ್ಣೆ ಬಿಟ್ಟರೆ ಬಿಲ್ಲೆ ಕೂಡುತ್ತದೆ ನಿಜ, ಮೇಲೆ ಹೊಳಪಿನ ಪದರ ಕಟ್ಟಿ ಪಫ್ ತಿಕ್ಕಿ ತಿಕ್ಕಿ ಕೈ ಸೋಲುತ್ತದೆ, ಪೌಡರು ಮಾತ್ರ ಬರುವುದಿಲ್ಲ. (ಒಡೆಯದ ಬಿಲ್ಲೆಗೂ ಮುಖದ ಜಿಡ್ಡು ಪಫ್ ಮೂಲಕ ಸೇರಿ ಇಂಥ ಪದರ ಕಟ್ಟುವುದುಂಟು. ಸೆಲ್ಲೋಟೇಪನ್ನು ಮೇಲೆ ಒತ್ತಿ ಕಿತ್ತರೆ ಆ ಪದರ ಟೇಪಿಗೆ ಅಂಟಿಕೊಂಡು ಬರುತ್ತದೆ.) ಗೋಂದು, ಫೆವಿಕಾಲ್ ಬಿಟ್ಟವರೂ ಇದ್ದಾರಂತೆ. ಅವರಿಗೆ ಕೈ ಮುಗಿಯೋಣ.

ಎಲ್ಲಕ್ಕಿಂತ ಮುಖ್ಯ, ಪೇಂಟ್ ಅಂಗಡಿಯ ಸ್ಪಿರಿಟ್ ಮನೆಯೊಳಗೆ ತರಬೇಡಿ. ಮರಕ್ಕೆ ಪಾಲಿಶ್ ಹಾಕಲು ಬಡಗಿಗಳು ಬಳಸುವ ಅದರಲ್ಲಿ ಮಿಥೈಲ್ ಆಲ್ಕೋಹಾಲ್ ಬೆರೆತಿರಬಹುದು. ನೋಡಲಿಕ್ಕೂ ಮೂಸಲಿಕ್ಕೂ ಹೆಚ್ಚು ಕಡಿಮೆ ಒಂದೇ. ಆ ಮಿಥೈಲ್ ಏನು ಮಾಡುತ್ತದೆಂದು ಈ ರಾಜ್ಯಕ್ಕೆ ಯಾರೂ ಹೇಳಿಕೊಡಬೇಕಿಲ್ಲ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಬಡವರು ಸತ್ತದ್ದು ಇದರಿಂದಲೇ. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ, ಗಡಿಯಾಚೆಯ ಕೃಷ್ಣಗಿರಿ ಕಡೆ ಮತ್ತೆ ಅದೇ ಕಥೆ. ಸತ್ತವರ ಪಕ್ಕದಲ್ಲೇ ಕಣ್ಣು ಕಳೆದುಕೊಳ್ಳುವವರು ಇರುತ್ತಾರೆ, ಈ ವಿಷದ ಮೊದಲ ಪೆಟ್ಟು ಕಣ್ಣಿನ ನರಕ್ಕೆ. ಅವರು ಕುಡಿದರು, ನಾವು ಪೌಡರಿಗೆ ಹತ್ತು ಹನಿ ಹಾಕ್ತೀವಿ, ಅಷ್ಟಕ್ಕೇನಾಗುತ್ತೆ ಅನ್ನಬಹುದು. ಹತ್ತು ಹನಿ ಆರಿಹೋಗುತ್ತದೆ, ಒಪ್ಪೋಣ. ಉಳಿದ ಸೀಸೆ ಎಲ್ಲಿಡುತ್ತೀರಿ? ಅಡಿಗೆಮನೆಯ ಗೂಡಿನಲ್ಲಿ. ಅಲ್ಲಿಗೆ ಮಕ್ಕಳ ಕೈ ಎಟುಕುತ್ತದೆ, ಕುಡುಕ ಗಂಡನ ಕೈಯೂ ಎಟುಕುತ್ತದೆ. ಔಷಧಿ ಅಂಗಡಿಯ ಸ್ಪಿರಿಟ್ಟೂ ಕುಡಿಯುವ ವಸ್ತುವಲ್ಲ, ಕುಡಿದರೆ ಅದೂ ಆಸ್ಪತ್ರೆಗೇ ಕಳಿಸುತ್ತದೆ. ಕೆಲಸ ಮುಗಿದೊಡನೆ ಬಿರಡೆ ಬಿಗಿದು ಬೀರುವಿನೊಳಗೆ ಇಡಿ.

ಬೆಂಕಿಯ ಮಾತೂ ಇದೆ. ಈ ಸ್ಪಿರಿಟ್ಟಿನ ಆವಿ ನಮ್ಮ ಬಿಸಿಲಲ್ಲಿರಲಿ, ಚಳಿಗಾಲದ ಬೆಳಿಗ್ಗೆಯೂ ಕಿಡಿ ಸಿಕ್ಕರೆ ಹೊತ್ತಿಕೊಳ್ಳುವಂಥದು. ದೇವರ ಮನೆಯ ದೀಪ, ಊದುಬತ್ತಿ, ಗ್ಯಾಸ್ ಒಲೆ, ಗಂಡಸರ ಬೀಡಿ ಇವುಗಳಿಂದ ದೂರ ಕೂತು, ಕಿಟಕಿ ತೆಗೆದು ಮಾಡಿ. ಬೇಗ ಒಣಗಲಿ ಅಂತ ಒಲೆಯ ಪಕ್ಕ ಇಡುವುದು, ಹೇರ್ ಡ್ರೈಯರ್ ಹಿಡಿಯುವುದು ಬೇಡವೇ ಬೇಡ.

ಯಾರ ಮುಖಕ್ಕೆ?

ದುರಸ್ತಿಯಾದ ಬಿಲ್ಲೆ ಗಟ್ಟಿಯಾಯಿತು, ಚೆನ್ನಾಗಿಯೂ ಕಾಣುತ್ತದೆ. ಹೊಳಪಿನ ಪೌಡರಾಗಿದ್ದರೆ ಮಿನುಗು ಸ್ವಲ್ಪ ಮಂಕಾಗಿರುತ್ತದೆ, ಬಣ್ಣ ಒಂದು ಎಳೆ ಗಾಢವಾಗಿರುತ್ತದೆ, ಅಷ್ಟೇ. ಇನ್ನು ಇದನ್ನು ಯಾರ ಮುಖಕ್ಕೆ ಹಚ್ಚಬೇಕು?

ನಿಮ್ಮ ಡಬ್ಬಿ, ನಿಮ್ಮ ಮುಖ, ಧಾರಾಳವಾಗಿ ಹಚ್ಚಿಕೊಳ್ಳಿ. ಮೊದಲು ಕಿವಿಯ ಹಿಂದೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿದರೆ ಒಳ್ಳೆಯದು. ದುಡ್ಡು ತೆಗೆದುಕೊಂಡು ಬೇರೆಯವರ ಮಗಳಿಗೆ ಹಚ್ಚುವಾಗ ಮಾತ್ರ ಲೆಕ್ಕ ಬೇರೆ. ಅಂಥ ಪೌಡರನ್ನು ಕಣ್ಣಿನ ಹತ್ತಿರ ತರಬಾರದು, ಹಚ್ಚುವುದೇ ಆದರೆ ಗಿರಾಕಿಗೆ ಹೇಳಿ ಹಚ್ಚಬೇಕು. ಹೇಳಿದರೆ ಒಪ್ಪುತ್ತಾರೇನ್ರೀ ಅಂತ ಕೇಳುವವರಿಗೆ ಉತ್ತರ ಆ ಪ್ರಶ್ನೆಯಲ್ಲೇ ಇದೆ. ಸಹಾಯಕಿ ಹುಡುಗಿಯ ಪಗಾರ ಮುರಿಯುವ ಬದಲು ಆ ಬಿಲ್ಲೆಯನ್ನು ಅವಳಿಗೇ ಸರಿಮಾಡಿಕೊಳ್ಳಲು ಕೊಟ್ಟರೆ, ಕಲಿಯಲು ಒಂದು ಸಾಮಾನೂ ಆಯಿತು, ಹಬ್ಬಕ್ಕೆ ಅವಳ ಮುಖಕ್ಕೂ ಆಯಿತು.

ಹಾಗೆ ನೋಡಿದರೆ ಒಡೆದ ಪೌಡರಿಗಿಂತ ನಮ್ಮ ಮದುವೆ ಮನೆಗಳಲ್ಲಿ ಹೆಚ್ಚು ಭಯ ಹುಟ್ಟಿಸುವುದು ಒಡೆಯದ ಪೌಡರು. ಒಂದೇ ಪಫ್ ಮದುಮಗಳ ಮುಖದಿಂದ ಅತ್ತಿಗೆಯ ಮುಖಕ್ಕೆ, ಅಲ್ಲಿಂದ ಚಿಕ್ಕಮ್ಮನ ಮುಖಕ್ಕೆ, ಕೊನೆಗೆ ಮೊಡವೆ ಒಡೆದ ಕಾಲೇಜು ಹುಡುಗಿಯ ಮುಖಕ್ಕೆ, ಮತ್ತೆ ವಾಪಸ್ಸು ಮದುಮಗಳಿಗೆ. ಯಾರಿಗಾದರೂ ಕಣ್ಣು ಬಂದಿದ್ದರೆ ಇಡೀ ಬಳಗಕ್ಕೆ ಹಂಚಿಕೆ. ಪಫ್ಫನ್ನು ವಾರಕ್ಕೊಮ್ಮೆ ಸೋಪಿನಲ್ಲಿ ತೊಳೆದು ಬಿಸಿಲಿಗೆ ಹಾಕಿ. ಸ್ಪಿರಿಟ್ ಹಾಕಿದ ಮಾತ್ರಕ್ಕೆ ಹಳೇ ಪೌಡರು ಹೊಸದಾಗುವುದಿಲ್ಲ ಎಂಬುದೂ ನೆನಪಿರಲಿ. ಡಬ್ಬಿಯ ಹಿಂದೆ ತೆರೆದ ಭರಣಿಯ ಸಣ್ಣ ಚಿತ್ರದಲ್ಲಿ 12, 24 ಎಂದು ಬರೆದಿರುತ್ತದಲ್ಲ, ಮುಚ್ಚಳ ತೆಗೆದ ಮೇಲೆ ಅಷ್ಟು ತಿಂಗಳು ಅದರ ಆಯಸ್ಸು. ಆಯಸ್ಸು ಮುಗಿದದ್ದು ಬಿದ್ದು ಒಡೆದರೆ ಅದನ್ನು ಶುಭಶಕುನವೆಂದೇ ತಿಳಿಯಿರಿ.

ಜಾತ್ರೆಯಲ್ಲಿ, ಫುಟ್‌ಪಾತಿನಲ್ಲಿ ದೊಡ್ಡ ಕಂಪನಿ ಹೆಸರಿನ ಡಬ್ಬಿಗಳು ಅರ್ಧ ಬೆಲೆಗೆ ಸಿಗುತ್ತವೆ. ಇವು ಒಡೆದರೆ ದುರಸ್ತಿಯ ಯೋಚನೆ ಬಿಡಿ, ಒಡೆಯದಿದ್ದರೂ ಬಿಡಿ. ತಯಾರಕರ ಹೆಸರು ವಿಳಾಸ, ಬ್ಯಾಚ್ ನಂಬರು, ಲೈಸೆನ್ಸ್ ನಂಬರು, ತಯಾರಾದ ಮತ್ತು ಮುಗಿಯುವ ದಿನ, ಇಷ್ಟೂ ಡಬ್ಬಿಯ ಮೇಲೆ ಇರಬೇಕೆಂಬುದು ಕಾನೂನು. ಬಿಳುಪಿನ ಆಸೆಗೆ ಪಾದರಸ ಸೇರಿಸುವ ಖದೀಮರಿದ್ದಾರೆಂದೇ ಮುಖಕ್ಕೆ ಹಚ್ಚುವ ಸಾಮಾನಿನಲ್ಲಿ ಅದು ಹತ್ತು ಲಕ್ಷದಲ್ಲಿ ಒಂದು ಪಾಲು ಮೀರಬಾರದು ಎಂದು ಕಟ್ಟಪ್ಪಣೆ ಮಾಡಿದ್ದಾರೆ. ಯಕ್ಷಗಾನದ ಹಿಂದಿನ ಕಲಾವಿದರು ಅರದಾಳ, ಇಂಗಲೀಕವನ್ನೇ ಮುಖಕ್ಕೆ ಬಳಿಯುತ್ತಿದ್ದರು. ಒಂದರಲ್ಲಿ ಪಾಷಾಣದ ಅಂಶ, ಇನ್ನೊಂದರಲ್ಲಿ ಪಾದರಸ. ಅವರಿಗೆ ಬೇರೆ ಬಣ್ಣ ಇರಲಿಲ್ಲ, ನಮಗೆ ಆ ನೆಪವೂ ಇಲ್ಲ. ಲೈಸೆನ್ಸ್ ನಂಬರಿಲ್ಲದ ಡಬ್ಬಿಗಳ ಮೇಲೆ ಜಿಲ್ಲೆಯ ಡ್ರಗ್ ಇನ್ಸ್‌ಪೆಕ್ಟರು ಜಾತ್ರೆಯ ದಿನಗಳಲ್ಲಾದರೂ ಒಂದು ಸುತ್ತು ಹಾಕಿದರೆ ಪುಣ್ಯ ಬರುತ್ತದೆ.

ಕೊನೆಗೆ ಬಸ್ಸಿನ ಮಾತು. ಎಷ್ಟೇ ಚೆನ್ನಾಗಿ ಒತ್ತಿದರೂ ಮನೆಯ ಬಿಲ್ಲೆ ಕಂಪನಿ ಬಿಲ್ಲೆಯಷ್ಟು ಗಟ್ಟಿಯಲ್ಲ. ಮುಚ್ಚಳ ಹಾಕುವ ಮುಂಚೆ ಒಳಗೊಂದು ತೆಳ್ಳನೆ ಹತ್ತಿ ಹಾಳೆ ದುಂಡಗೆ ಕತ್ತರಿಸಿ ಇಟ್ಟುಕೊಳ್ಳಿ, ಡಬ್ಬಿಯನ್ನು ಸೀರೆಗಳ ನಡುವೆ ಸೇರಿಸಿ. ಹೊನ್ನಾಳಿ ಬಸ್ಸಿನಲ್ಲಿ ಹೋಗುವುದಾದರೆ ಹತ್ತಿ ಎರಡು ಪದರ ಇರಲಿ, ಪೆಟ್ಟಿಗೆಯನ್ನು ಮೇಲಿನ ಕ್ಯಾರಿಯರ್‌ಗೆ ಎಸೆಯಬೇಡಿ, ತೊಡೆಯ ಮೇಲೆ ಇಟ್ಟುಕೊಳ್ಳಿ. ಹಿಂದಿನ ಸೀಟಂತೂ ಬೇಡವೇ ಬೇಡ.